ಹುಟ್ಟಿನಲ್ಲೇ ಬಂದದ್ದೆಲ್ಲ ಹಣೆಬರಹವೇ?

ಪಾಂಡವಪುರದ ಕಡೆಯ ಒಂದು ಕೇರಿ. ಜಗಲಿಯ ಮೇಲೆ ಗೋಣಿತಾಟು ಹಾಸಿ ಮೂರು ವರ್ಷದ ಮಗುವನ್ನು ಮಲಗಿಸಿದ್ದರು. ಕೈಕಾಲು ಸೆಟೆದಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ಮಾತ್ರ ಅವ್ವ ಹೋದ ಕಡೆಗೆಲ್ಲ ಹೋಗುತ್ತಿತ್ತು. ಸಂಘದ ಕೆಲಸಕ್ಕೆ ಅಂತ ಹೋದ ನಾವು ಆ ಕೆಲಸ ಮರೆತು ಅಲ್ಲೇ ಕೂತೆವು.

"ಒಂದ್ ವರ್ಸ ತುಂಬ್ತಿದ್ದಂಗೆ ನಡೀತಿತ್ತು ಕಣಣ್ಣ. ಅವ್ವ, ಅಪ್ಪ ಅಂತಿತ್ತು. ಒಂದೂವರೆ ವರ್ಸುಕ್ಕೆ ಜರ ಬಂತು. ಮೂರ್ ದಿನ ಏನೂ ತಿನ್ನಲಿಲ್ಲ. ಜರ ಬುಡ್ತು, ಮಗ ಏಳ್ಲಿಲ್ಲ. ಇದುಕ್ ಮುಂಚೆ ಒಂದ್ ಹೆಣ್ಮಗ ಹಿಂಗೇ ಆಗಿ ಹೋಗ್ಬುಡ್ತು" ಅಂದಳು ತಾಯಿ.

ಆಸ್ಪತ್ರೆಯ ಚೀಟಿ ಇತ್ತು. ಅದರಲ್ಲಿ ಎರಡೇ ಅಕ್ಷರ: ಸಿ.ಪಿ. ಸೆರೆಬ್ರಲ್ ಪಾಲ್ಸಿ. ಗುಣ ಆಗೋದಲ್ಲ, ಕರಕೊಂಡು ಹೋಗಿ ಅಂದರಂತೆ. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಹಿರಿಯರೊಬ್ಬರು, "ಎಲ್ಲಾ ಪಡಕೊಂಡು ಬಂದದ್ದು ಬುಡಿ" ಅಂದರು. ದಾರಿಯುದ್ದಕ್ಕೂ ನಮಗೆ ಈ ಎರಡು ಮಾತೂ ಒಂದೇ ಥರ ಕೇಳಿಸಿದವು. ಒಂದು ಆಸ್ಪತ್ರೆಯ ಮಾತು, ಇನ್ನೊಂದು ಊರಿನ ಮಾತು. ಎರಡರ ಅರ್ಥವೂ, ಇನ್ನು ಕೇಳಬೇಡಿ ಅಂತಲೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗುವಾಗ ಇಂಥ ಮಕ್ಕಳನ್ನು ನಾವು ಕಂಡಿದ್ದೇವೆ. ಗೌಡರ ಮನೆಯಲ್ಲೂ ಕಂಡಿದ್ದೇವೆ, ಹೊಲೆಮಾದಿಗರ ಕೇರಿಯಲ್ಲೂ ಕಂಡಿದ್ದೇವೆ. ಒಂದು ಮಗುವಿಗೆ ಫಿಟ್ಸ್, ಒಂದಕ್ಕೆ ಮಾತಿಲ್ಲ, ಒಂದು ನಡೆಯುತ್ತಿದ್ದದ್ದು ಕೂತಿದೆ. ಎಲ್ಲವಕ್ಕೂ ಮೂರು ನಾಲ್ಕು ಹೆಸರುಗಳೇ: ಸಿ.ಪಿ., ಮೂರ್ಛೆ, ಬುದ್ಧಿಮಾಂದ್ಯ, ದೆವ್ವ.

ವೈದ್ಯರಾದ ಗೆಳೆಯರನ್ನು ಕೇಳಿ, ಪುಸ್ತಕ ಓದಿ ನಾವು ತಿಳಿದುಕೊಂಡದ್ದು ಇಷ್ಟು. ಸೆರೆಬ್ರಲ್ ಪಾಲ್ಸಿ ಅಂದರೆ ಹುಟ್ಟುವ ಮುಂಚೆ, ಹುಟ್ಟುವಾಗ, ಇಲ್ಲವೆ ಎಳೆತನದಲ್ಲಿ ಮೆದುಳಿಗೆ ಬಿದ್ದ ಏಟು. ಬಿದ್ದ ಏಟು ಅಲ್ಲೇ ಇರುತ್ತದೆ, ಬೆಳೆಯುವುದಿಲ್ಲ. ಒಂದೇ ತಾಯಿಯ ಎರಡು ಮಕ್ಕಳಿಗೆ ಒಂದೇ ಥರ ಬಂದರೆ, ಕಲಿತ ನಡಿಗೆ ಕಲಿತ ಮಾತು ಕಳೆದುಹೋದರೆ, ಜ್ವರ ಉಪವಾಸಗಳಲ್ಲಿ ಮಗು ಇದ್ದಕ್ಕಿದ್ದಂತೆ ಕುಸಿದರೆ, ಆಗ ಇದು ಬರೀ ಏಟಲ್ಲದೆ ಬೇರೇನೋ ಇರಬಹುದು ಅಂತ ಕೇಳಲೇಬೇಕು. ಆ ಬೇರೆ ಕಾರಣಗಳಲ್ಲಿ ಒಂದು ದೊಡ್ಡ ಗುಂಪು, ಹುಟ್ಟಿನಿಂದಲೇ ಬರುವ ಚಯಾಪಚಯದ ಕಾಯಿಲೆಗಳು.

ಚಯಾಪಚಯ ಅನ್ನುವ ಮಾತು ದೊಡ್ಡದು, ಸಂಗತಿ ನಾಲೆ ಬಯಲಿನವರಿಗೆ ಗೊತ್ತಿರುವಂಥದ್ದೇ. ನಾವು ಉಂಡ ಮುದ್ದೆ, ಹುರುಳಿಸಾರು, ಹಾಲು ಎಲ್ಲವೂ ಮೈಯೊಳಗೆ ಹಂತಹಂತವಾಗಿ ಒಂದರಿಂದ ಇನ್ನೊಂದಾಗಿ ಹರಿಯಬೇಕು. ಪ್ರತಿ ಹಂತಕ್ಕೂ ಒಂದೊಂದು ತೂಬು. ಆ ತೂಬು ತೆಗೆಯುವ ನೀರುಗಂಟಿಗೆ ಕಿಣ್ವ ಎಂದು ಹೆಸರು. ನೀರುಗಂಟಿ ಬರದಿದ್ದರೆ ಏನಾಗುತ್ತದೆ? ಮೇಲಿನ ಗದ್ದೆ ಜೌಗು ಹಿಡಿಯುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ಮೈಯೊಳಗೂ ಹೀಗೆಯೇ. ಒಂದು ಪದಾರ್ಥ ವಿಷವಾಗುವಷ್ಟು ತುಂಬಿಕೊಳ್ಳುತ್ತದೆ, ಇನ್ನೊಂದು ಬೇಕಾದಷ್ಟು ಸಿಗುವುದಿಲ್ಲ. ಬೆಳೆಯುತ್ತಿರುವ ಮೆದುಳು ಇದಕ್ಕೆ ಮೊದಲು ಬಲಿಯಾಗುತ್ತದೆ. ಹಾಗಾಗಿ ಕೆಟ್ಟಿರುವುದು ತೂಬಾದರೂ ನಮಗೆ ಕಾಣುವುದು ಫಿಟ್ಸು, ಸೆಟೆದ ಕೈಕಾಲು, ಮಂಕು. ನರದ ಕಾಯಿಲೆಯ ವೇಷ ಹಾಕಿಕೊಂಡು ಬರುವ ಕಾಯಿಲೆ ಇದು.

ಇಂಗ್ಲೆಂಡಿನ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯ 1902ರಲ್ಲಿ ಇಂಥದೊಂದು ಕಾಯಿಲೆ ಮನೆತನಗಳಲ್ಲಿ ಹೇಗೆ ಬರುತ್ತದೆಂದು ಬರೆದ. 1908ರಲ್ಲಿ ಇಂಥವಕ್ಕೆಲ್ಲ ಸೇರಿಸಿ, ಹುಟ್ಟಿನಲ್ಲೇ ಬಂದ ಚಯಾಪಚಯದ ತಪ್ಪುಗಳು ಎಂದು ಹೆಸರಿಟ್ಟ.

ಹುಟ್ಟಿನಲ್ಲೇ ಬಂದ ತಪ್ಪು! ಈ ಮಾತು ಕೇಳಿದ ಕೂಡಲೇ ನಮ್ಮ ಮೈ ಉರಿಯುತ್ತದೆ. ಉರಿಯಲೇಬೇಕು. ಹುಟ್ಟನ್ನೇ ತಪ್ಪು ಮಾಡಿ ನಮ್ಮನ್ನು ಊರಾಚೆ ಇಟ್ಟ ದೇಶವಿದು. ಬಾವಿ ಮುಟ್ಟಬೇಡ, ಗುಡಿಗೆ ಬರಬೇಡ, ಅದು ನಿನ್ನ ಹುಟ್ಟು ಅಂತ ಹೇಳಿದ ಬಾಯಿಯೇ ಈಗ ಕಾಯಿಲೆ ಬಿದ್ದ ಕೂಸಿಗೂ ನಿನ್ನ ಹುಟ್ಟು ಅನ್ನುತ್ತಿದೆ. ಹುಟ್ಟು ಮನುಷ್ಯನನ್ನು ತೀರ್ಮಾನಿಸುವುದಿಲ್ಲ ಅಂತ ಕೂಗಿಕೊಂಡು ಬಂದವರು ನಾವು. ಹಾಗಾದರೆ, ಈ ಕಾಯಿಲೆ ಹುಟ್ಟಿನಿಂದಲೇ ಬಂದದ್ದು ಅಂತ ವಿಜ್ಞಾನ ಹೇಳಿದರೆ ನಾವೇನು ಮಾಡಬೇಕು? ಇಲ್ಲ ಅನ್ನಬೇಕೆ? ಹೌದು ಅಂತ ತಲೆ ಬಾಗಿಸಬೇಕೆ? ನಮ್ಮ ಮುಂದಿರುವ ಪ್ರಶ್ನೆ ಇದು.

ನಮ್ಮ ಉತ್ತರ: ಹುಟ್ಟಿನಿಂದ ಬಂದದ್ದು ಅನ್ನುವುದು ಬೇರೆ, ಬದಲಾಯಿಸಲಾಗದ್ದು ಅನ್ನುವುದು ಬೇರೆ. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದವರು ಪುರೋಹಿತರು. ಆ ಗಂಟು ಬಿಚ್ಚಿದರೆ ಕರ್ಮ ಸಿದ್ಧಾಂತದ ಅರ್ಧ ಜೀವ ಹೋಗುತ್ತದೆ.

ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಯಿದ್ದಳು. ಲಿವ್ ಮತ್ತು ಡಾಗ್ ಅಂತ ಎರಡು ಮಕ್ಕಳು. ಹುಟ್ಟುವಾಗ ಚೆನ್ನಾಗಿದ್ದವು, ಬೆಳೆಯುತ್ತಾ ಬುದ್ಧಿ ಕುಂದಿದವು. ಮಕ್ಕಳಿಂದ ಒಂಥರಾ ಮುಗ್ಗಲು ವಾಸನೆ ಬರುತ್ತದೆ, ಯಾಕೆ ಅಂತ ಆಕೆ ಕಂಡಕಂಡ ವೈದ್ಯರನ್ನೆಲ್ಲ ಕೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1934ರಲ್ಲಿ ಆಸ್ಬಿಯರ್ನ್ ಫೋಲಿಂಗ್ ಎಂಬ ವೈದ್ಯ ಕಿವಿಗೆ ಹಾಕಿಕೊಂಡ. ಆತನಿಗೆ ರಸಾಯನಶಾಸ್ತ್ರವೂ ಗೊತ್ತಿತ್ತು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರೆ ಅದು ಹಸಿರಾಯಿತು. ಫಿನೈಲ್‌ಕೀಟೋನ್ಯೂರಿಯ ಎಂದು ಇವತ್ತು ಕರೆಯುವ ಕಾಯಿಲೆ ಪತ್ತೆಯಾದದ್ದು ಹೀಗೆ. ಪ್ರೋಟೀನಿನಲ್ಲಿರುವ ಫಿನೈಲ್ ಅಲನೀನ್ ಎಂಬ ಅಂಶವನ್ನು ಮುಂದಕ್ಕೆ ಹರಿಸುವ ತೂಬು ಈ ಮಕ್ಕಳಲ್ಲಿ ಕೆಟ್ಟಿರುತ್ತದೆ.

ಅದೇ 1934ರಲ್ಲಿ, ಅದೇ ನಾರ್ವೆಯಲ್ಲಿ, ಬುದ್ಧಿ ಕುಂದಿದವರ ಸಂತಾನಶಕ್ತಿ ತೆಗೆಯಲು ಅವಕಾಶ ಕೊಡುವ ಕಾಯಿದೆ ಬಂತು. ಜರ್ಮನಿಯಲ್ಲಿ ಹಿಟ್ಲರನ ಇಂಥದೇ ಕಾಯಿದೆ ಆ ವರ್ಷದ ಜನವರಿಯಿಂದ ಜಾರಿಯಾಯಿತು. 1939ರ ಹೊತ್ತಿಗೆ ಅಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲುವುದೇ ಶುರುವಾಯಿತು. ನೋಡಿ, ಹುಟ್ಟಿನ ಬಗ್ಗೆ ಒಂದೇ ವರ್ಷದಲ್ಲಿ ಎರಡು ಉತ್ತರ. ಒಂದು ಸರ್ಕಾರದ್ದು: ಈ ಹುಟ್ಟೇ ಬೇಡ. ಇನ್ನೊಂದು ಒಬ್ಬ ತಾಯಿ ಮತ್ತು ಒಬ್ಬ ವೈದ್ಯನದು: ಈ ಮಗುವಿನೊಳಗೆ ಏನು ಕೆಟ್ಟಿದೆ ನೋಡೋಣ.

ಬೋರ್ಗ್ನಿಯ ಮಕ್ಕಳಿಗೆ ಅದರ ಫಲ ಸಿಗಲಿಲ್ಲ. ಮುಂದೆ ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ ಶೀಲಾ ಎಂಬ ಕೂಸನ್ನು ತಂದ ಇನ್ನೊಬ್ಬ ತಾಯಿ, ಕಾಯಿಲೆಗೆ ಹೆಸರು ಹೇಳಿ ಕೈಚೆಲ್ಲಿದರೆ ಆಗಲ್ಲ, ಔಷಧಿ ಕೊಡಿ ಅಂತ ಹೋರ್ಸ್ಟ್ ಬಿಕೆಲ್ ಎಂಬ ವೈದ್ಯನ ಬೆನ್ನು ಬಿದ್ದಳು. ಆತ ಮತ್ತು ಜೊತೆಗಾರರು ಆ ಅಂಶವನ್ನು ಕಡಿಮೆ ಮಾಡಿದ ಆಹಾರ ತಯಾರಿಸಿ ಕೊಟ್ಟರು. ಕೂಸು ತೆವಳಲು, ನಿಲ್ಲಲು ಕಲಿಯಿತು. 1953ರಲ್ಲಿ ಅದು ಪ್ರಕಟವಾಯಿತು. 1960ರ ದಶಕದ ಮೊದಲಲ್ಲಿ ಅಮೆರಿಕದ ರಾಬರ್ಟ್ ಗತ್ರೀ, ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆ ಮಾಡುವ ದಾರಿ ಕಂಡುಹಿಡಿದ. ಹುಟ್ಟಿದ ಮೊದಲ ವಾರಗಳಲ್ಲೇ ಗೊತ್ತಾಗಿ ಆಹಾರ ಬದಲಾಯಿಸಿದರೆ, ಆ ಮಗು ಎಲ್ಲ ಮಕ್ಕಳ ಹಾಗೆ ಶಾಲೆಗೆ ಹೋಗುತ್ತದೆ. ಕೆಟ್ಟ ಜೀನು ಕೆಟ್ಟೇ ಇದೆ. ಮಗು ಕೆಡಲಿಲ್ಲ. ಹಣೆಬರಹ ಎಲ್ಲಿ ಹೋಯಿತು ಸ್ವಾಮಿ?

ಇನ್ನೂ ಎರಡು ಉದಾಹರಣೆ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಫಿಟ್ಸ್ ಬರುತ್ತದೆ, ಮೈಮೇಲೆ ಗಂಧೆ ಏಳುತ್ತದೆ, ತಲೆಗೂದಲು ಉದುರುತ್ತದೆ, ಕಿವಿ ಮಂದವಾಗುತ್ತದೆ. ಔಷಧಿ ಏನು? ಬಯೋಟಿನ್ ಎಂಬ ಒಂದು ವಿಟಮಿನ್, ದಿನಕ್ಕೆ ಕೆಲವು ಮಿಲಿಗ್ರಾಂ, ಬದುಕಿರುವ ತನಕ. ಬೇಗ ಕೊಟ್ಟರೆ ಮಗು ಉಳಿಯುತ್ತದೆ, ಬೆಳೆಯುತ್ತದೆ. ತಡವಾದರೆ ಹೋದ ಕಿವಿ ವಾಪಸ್ಸು ಬರುವುದು ಕಷ್ಟ.

ಎರಡನೆಯದನ್ನು ಮೇಷ್ಟ್ರುಗಳು ಗಮನವಿಟ್ಟು ಕೇಳಬೇಕು. ಬೆಳಿಗ್ಗೆ ಚೆನ್ನಾಗಿ ನಡೆದು ಶಾಲೆಗೆ ಬಂದ ಹುಡುಗಿ ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಕಾಲು ಸೊಟ್ಟ ಹಾಕುತ್ತಾಳೆ. ನಿದ್ದೆ ಮಾಡಿ ಎದ್ದರೆ ಮತ್ತೆ ಸರಿ. ನಾಟಕ ಆಡ್ತಾಳೆ ಅಂತ ಬೈಯುತ್ತೇವೆ, ಇಲ್ಲ ಸಿ.ಪಿ. ಅಂತ ಚೀಟಿ ತರುತ್ತೇವೆ. ಮೆದುಳಿನಲ್ಲಿ ಡೋಪಮೀನ್ ತಯಾರಾಗುವ ದಾರಿಯಲ್ಲಿ ಒಂದು ಕಿಣ್ವ ಸಾಲದೆ ಹೀಗಾಗುವುದುಂಟು. ಜಪಾನಿನ ಸೆಗಾವ ಎಂಬ ವೈದ್ಯರು 1970ರ ದಶಕದಲ್ಲಿ ಇದನ್ನು ವಿವರಿಸಿದರು. ಲೀವೋಡೋಪ ಎಂಬ ಹಳೆಯ ಮಾತ್ರೆಯ ಚಿಕ್ಕ ಪ್ರಮಾಣಕ್ಕೆ ಈ ಮಕ್ಕಳು ಎದ್ದು ನಡೆಯುತ್ತಾರೆ. ಒಂದು ಮಾತ್ರೆ ಮತ್ತು ಒಂದು ಪ್ರಶ್ನೆ ಸಿಗದೆ ಹುಡುಗಿಯೊಬ್ಬಳು ಜಗಲಿಯ ಮೇಲೇ ಬದುಕು ಕಳೆದರೆ ಅದನ್ನು ಕಾಯಿಲೆ ಅನ್ನೋಣವೇ, ಅನ್ಯಾಯ ಅನ್ನೋಣವೇ?

ಸುಳ್ಳು ಆಸೆ ಹುಟ್ಟಿಸುವುದು ನಮ್ಮ ಕೆಲಸವಲ್ಲ. ಇಂಥ ಕಾಯಿಲೆಗಳು ನೂರಾರು. ಬಹಳಷ್ಟಕ್ಕೆ ಇವತ್ತಿಗೂ ಮದ್ದಿಲ್ಲ. ಸಿ.ಪಿ. ಅಂತ ಬರೆಸಿಕೊಂಡ ಹೆಚ್ಚಿನ ಮಕ್ಕಳದು ನಿಜವಾಗಿ ಸಿ.ಪಿ.ಯೇ. ಅವರಲ್ಲೂ ಎಷ್ಟೋ ಮಕ್ಕಳಿಗೆ ಆ ಗತಿ ಬಂದದ್ದು ತಿಂಗಳು ತುಂಬದೆ ಹುಟ್ಟಿ, ಹೆರಿಗೆಯಲ್ಲಿ ಉಸಿರು ಕಟ್ಟಿ, ಎಳೆಯ ಕೂಸಿನ ಕಾಮಾಲೆಗೆ ಹೊತ್ತಿಗೆ ಸರಿಯಾಗಿ ಆರೈಕೆ ಸಿಗದೆ. ಅದರ ಲೆಕ್ಕವನ್ನೂ ಯಾರೋ ಕೊಡಬೇಕು. ಆದರೆ ಮದ್ದಿಲ್ಲದ ಕಾಯಿಲೆಯಾದರೂ ಅದರ ಹೆಸರು ತಿಳಿಯುವುದಕ್ಕೆ ಬೆಲೆಯಿದೆ. ಹೆಸರು ತಿಳಿದ ದಿನ ತಾಯಿ ತನ್ನನ್ನು ತಾನು ಬೈದುಕೊಳ್ಳುವುದು ನಿಲ್ಲುತ್ತದೆ.

ಯಾಕೆಂದರೆ ನಮ್ಮ ಊರುಗಳಲ್ಲಿ ಇಂಥ ಕೂಸಿನ ತಪ್ಪೆಲ್ಲ ತಾಯಿಯದೇ. ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ಮರೆತಳು, ಅವಳ ಹೊಟ್ಟೆ ಸರಿಯಿಲ್ಲ. ಲೆಕ್ಕ ಏನು ಹೇಳುತ್ತದೆ ಕೇಳಿ. ಈ ಕಾಯಿಲೆಗಳಲ್ಲಿ ಹೆಚ್ಚಿನವು ಬರಬೇಕಾದರೆ ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡು ಕೆಟ್ಟ ಪ್ರತಿ ಸೇರಬೇಕು. ಒಂದೊಂದೇ ಪ್ರತಿ ಇರುವ ಗಂಡಹೆಂಡಿರು ಗಟ್ಟಿಮುಟ್ಟಾಗಿರುತ್ತಾರೆ. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಇಂಥ ಒಂದಲ್ಲ ಒಂದು ಕೆಟ್ಟ ಪ್ರತಿ ಸುಮಾರಾಗಿ ಎಲ್ಲ ಮನುಷ್ಯರಲ್ಲೂ ಇರುತ್ತದೆ: ಪೂಜಾರಿಯಲ್ಲೂ, ತೋಟಿಯಲ್ಲೂ, ಇದನ್ನು ಬರೆಯುತ್ತಿರುವ ನಮ್ಮಲ್ಲೂ. ಶುದ್ಧ ರಕ್ತ ಎನ್ನುವುದು ಯಾರ ಮೈಯಲ್ಲೂ ಇಲ್ಲ.

ಇಲ್ಲಿಗೆ ಮದುವೆಯ ಮಾತು ಬರುತ್ತದೆ. ಅಕ್ಕನ ಮಗಳು, ಸೋದರತ್ತೆಯ ಮಗ, ಸೋದರಮಾವನ ಮಗಳು; ನಮ್ಮ ಸೀಮೆಯಲ್ಲಿ ಇದು ಮನೆಮನೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ. ರಾಧಾ ರಮಾದೇವಿ ಮತ್ತು ಅವರ ಜೊತೆಗಾರ ಬಿಟಲ್ಸ್ ಕರ್ನಾಟಕದ ಅರವತ್ತೈದು ಸಾವಿರ ಮದುವೆಗಳನ್ನು ಲೆಕ್ಕ ಹಾಕಿ 1987ರಲ್ಲಿ ಪ್ರಕಟಿಸಿದರು: ಸುಮಾರು ಮೂರರಲ್ಲೊಂದು ಸಂಬಂಧದೊಳಗಿನ ಮದುವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಅದು ಕಾಲು ಭಾಗಕ್ಕಿಂತ ಕೆಳಗಿಳಿದಿಲ್ಲ. ಸಂಬಂಧಿಕರಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇದು ನಿಜ, ಇದನ್ನು ಮುಚ್ಚಿಡಬಾರದು.

ಆದರೆ ಈ ನಿಜವನ್ನು ಬಡವರ ಮುಖಕ್ಕೆ ಉಗುಳುವವರನ್ನು ನಾವು ಒಪ್ಪುವುದಿಲ್ಲ. ಹೆಣ್ಣನ್ನು ಯಾಕೆ ಸೋದರಮಾವನಿಗೆ ಕೊಟ್ಟರು? ವರದಕ್ಷಿಣೆಗೆ ದುಡ್ಡಿರಲಿಲ್ಲ. ಇರುವ ಒಂದೆಕರೆ ಹೊರಗೆ ಹೋಗಬಾರದಿತ್ತು. ಗೊತ್ತಿರುವ ಮನೆಯಾದರೆ ಹುಡುಗಿಯನ್ನು ಹೊಡೆದು ಸುಟ್ಟು ಕೊಲ್ಲುವುದಿಲ್ಲ ಎಂಬ ನಂಬಿಕೆ ಬೇಕಿತ್ತು. ಇದನ್ನೆಲ್ಲ ಬದಲಾಯಿಸದೆ ಬರೀ ಮದುವೆ ಬದಲಾಯಿಸಿ ಎಂದರೆ ಅದು ಉಪದೇಶ ಅಷ್ಟೆ. ಜೊತೆಗೆ, ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಸಂಬಂಧವಿಲ್ಲದವರಿಗೂ ಈ ಕಾಯಿಲೆಯ ಮಕ್ಕಳು ಹುಟ್ಟುತ್ತಾರೆ.

ಇನ್ನೊಂದು ಮಾತು. ಸೋದರಿಕೆಯ ಮದುವೆ ಚಿಕ್ಕ ಬೇಲಿ. ಜಾತಿ ದೊಡ್ಡ ಬೇಲಿ. ಜಾತಿಯ ತಿರುಳೇ ಒಳಮದುವೆ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದರು. ಸುಮಾರು 1,900 ವರ್ಷಗಳಿಂದೀಚೆಗೆ ಈ ದೇಶದ ಜನ ಬೆರೆಯುವುದು ಬಹುಮಟ್ಟಿಗೆ ನಿಂತುಹೋಯಿತೆಂದು ಜೀನುಗಳನ್ನು ಓದಿದ ವಿಜ್ಞಾನಿಗಳು 2013ರಲ್ಲಿ ಬರೆದರು. ಎಷ್ಟೋ ಜಾತಿಗಳಲ್ಲಿ ಅವರವರದೇ ಆದ ಹುಟ್ಟುಕಾಯಿಲೆಗಳು ಬೇರು ಬಿಡಲು ಇದು ಕಾರಣ. ಆದರೆ ಅಂತರ್ಜಾತಿ ಮದುವೆಯನ್ನು ನಾವು ಕೇಳುವುದು ಒಳ್ಳೆಯ ತಳಿ ಬೆಳೆಸುವುದಕ್ಕಲ್ಲ. ಮನುಷ್ಯರು ಹಳ್ಳಿಕಾರ್ ಎತ್ತುಗಳಲ್ಲ. ಮನುಷ್ಯ ಮನುಷ್ಯನನ್ನು ಸಮ ಎಂದು ಕಾಣುವುದಕ್ಕೆ ಅದು ಬೇಕು. ಕಾಯಿಲೆ ಕಡಿಮೆಯಾದರೆ ಅದು ಮೇಲಿನ ಲಾಭ.

ಕಾಯಿಲೆ ಹುಟ್ಟಿನಿಂದ ಬಂದದ್ದು ಎಂದು ಗೊತ್ತಾದರೆ ಸರ್ಕಾರದ ಹೊಣೆ ಮುಗಿಯಿತೆ? ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಸಿಕೊಳ್ಳಿ. 1970ರ ದಶಕದ ನಡುವೆ ಅಲ್ಲಿ ಚನ್ನಂಗಿ, ಚಲವಾದಿ ಜನರ ಸೊಂಟ, ಮಂಡಿ ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ಅದು ಮೂಳೆಯ ಕಾಯಿಲೆ, ನಾವು ಹೇಳುತ್ತಿರುವ ಜಾತಿಯದಲ್ಲ. ಮೊದಲು ಗದ್ದೆಯ ಏಡಿ ತಿಂದು, ಕ್ರಿಮಿನಾಶಕ ಮೈಸೇರಿ ಬಂತೆಂದು ಶಂಕಿಸಿದರು. ಆಮೇಲೆ ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಎಂದರು. ವಿಷವಾದರೆ ಹೊಣೆಗಾರ ಇದ್ದಾನೆ, ವಂಶವಾದರೆ ಯಾರೂ ಇಲ್ಲ ಎಂಬ ಯೋಚನೆಯೇ ತಪ್ಪು. ಕಾರಣ ಎಲ್ಲಿಂದಲಾದರೂ ಬರಲಿ, ಕೂತಲ್ಲೇ ಕೂತವನಿಗೆ ಅನ್ನ, ಚಿಕಿತ್ಸೆ, ಮರ್ಯಾದೆ ಕೊಡುವ ಹೊಣೆ ಸಮಾಜದ್ದೇ. ಹಿಂದಿನ ಜನ್ಮದ ಕರ್ಮ ಎಂಬ ಸಿದ್ಧಾಂತ, ಬಡವರ ಸ್ಥಿತಿಗೆ ತಾನು ಹೊಣೆಯಲ್ಲ ಅಂತ ಸಮಾಜ ನುಣುಚಿಕೊಳ್ಳುವುದಕ್ಕೆ ಎಂದು ಬಾಬಾಸಾಹೇಬರು ತಮ್ಮ ಬುದ್ಧನ ಪುಸ್ತಕದಲ್ಲಿ ವಾದಿಸಿದ್ದಾರೆ. ಕರ್ಮ ಹೋದ ಜಾಗದಲ್ಲಿ ಜೀನನ್ನು ಕೂರಿಸಿ ಅದೇ ಪೂಜೆ ಮಾಡುವುದಾದರೆ ನಮಗೆ ಆ ವಿಜ್ಞಾನ ಬೇಡ.

ಹುಟ್ಟಿನ ಬಗ್ಗೆ ಮೊದಲೇ ತಿಳಿಯುವ ವಿದ್ಯೆ ಯಾವ ದಾರಿ ಹಿಡಿಯಬಹುದು ಎನ್ನುವುದನ್ನು ನಮ್ಮ ಜಿಲ್ಲೆಯೇ ತೋರಿಸಿದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಕ್ಕಳಿಗೆ ತೀರ್ಪು! ಆ ಕಳ್ಳ ಯಂತ್ರ ನಮ್ಮ ಹಳ್ಳಿಗೆ ಬಂತು. ಹಿಮ್ಮಡಿಯ ಒಂದು ಹನಿ ರಕ್ತ ಒಣಗಿಸುವ ಕಾಗದ ಬರಲಿಲ್ಲ. ಕರ್ನಾಟಕದ ಸುಮಾರು ಒಂದು ಲಕ್ಷ ಹಸುಗೂಸುಗಳ ರಕ್ತವನ್ನು ಅಪ್ಪಾಜಿರಾವ್ ಅವರ ತಂಡ 1980ರ ದಶಕದಲ್ಲೇ ಪರೀಕ್ಷೆ ಮಾಡಿತ್ತು. ಈ ಕಾಯಿಲೆಗಳು ಇಲ್ಲಿಯೂ ಇವೆ ಎಂದು ತೋರಿಸಿತ್ತು. ಅದಾಗಿ ಮೂವತ್ತು ವರ್ಷ ಮೀರಿದರೂ ಹುಟ್ಟಿದ ಪ್ರತಿ ಕೂಸಿಗೂ ತಲುಪುವ ರಾಷ್ಟ್ರೀಯ ಕಾರ್ಯಕ್ರಮ ಈ ದೇಶದಲ್ಲಿ ಇಲ್ಲ. ದುಡ್ಡಿದ್ದವರು ನಗರದ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳುತ್ತಾರೆ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು; ಅದರ ತಂಡ ಶಾಲೆಗೆ, ಅಂಗನವಾಡಿಗೆ ಬರಬೇಕು. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು; 2022ರಲ್ಲಿ ಅದರ ನೆರವನ್ನು 50 ಲಕ್ಷ ರೂಪಾಯಿವರೆಗೆ ಏರಿಸಿದರು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ಇದರ ಒಂದು ಕೇಂದ್ರವಾಗಿವೆ. ನಿಮ್ಹಾನ್ಸ್ ಇದೆ. ಕಾಗದದ ಮೇಲೆ ದಾರಿ ಇದೆ. ನಾಗಮಂಗಲದ ಕೂಲಿಯವಳು ದಿನದ ಕೂಲಿ ಬಿಟ್ಟು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಬೇಕಾದರೆ ಮೊದಲು ಯಾರಾದರೂ ಅವಳಿಗೆ, ಹೋಗವ್ವ, ಇದನ್ನು ಕೇಳು ಅಂತ ಹೇಳಬೇಕು. ಆ ಯಾರಾದರೂ ನಾವೇ ಆಗಬೇಕು.

ಗೆಳೆಯರೇ, ಮೇಷ್ಟ್ರುಗಳೇ, ಇದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ. ಇಂಥ ಮಗುವಿರುವ ಮನೆಯಲ್ಲಿ ಕೂತು ಐದು ಸಂಗತಿ ಕೇಳಿ ಬರೆದುಕೊಳ್ಳಿ. ಮಗು ಮೊದಲು ಏನೇನು ಮಾಡುತ್ತಿತ್ತು, ಯಾವಾಗ ನಿಂತಿತು? ಜ್ವರ, ವಾಂತಿ, ಉಪವಾಸದಲ್ಲಿ ಹೆಚ್ಚಾಗುತ್ತದೆಯೇ? ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ ಇದೆಯೇ? ಒಡಹುಟ್ಟಿದವರಲ್ಲಿ ಯಾರಾದರೂ ಹೀಗೇ ಆಗಿದ್ದರೆ? ಹೆರಿಗೆ ಹೇಗಾಯಿತು? ಗಂಡಹೆಂಡಿರ ಸಂಬಂಧವನ್ನು ಬೈಯುವ ದನಿಯಲ್ಲಿ ಕೇಳಬೇಡಿ. ಬರೆದ ಹಾಳೆಯನ್ನು ತಾಯಿಯ ಕೈಗೆ ಕೊಡಿ, ಆಗುವುದಾದರೆ ಅವಳ ಜೊತೆ ಹೋಗಿ. ಯಾವ ಮಾತ್ರೆಯನ್ನೂ ನೀವಾಗಿ ಕೊಡಬೇಡಿ, ಕೊಡುತ್ತಿರುವುದನ್ನು ನಿಲ್ಲಿಸಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮ್ಮಡಿಯ ರಕ್ತಪರೀಕ್ಷೆ ಆಗಲಿ ಅಂತ ನಮ್ಮ ಬೇಡಿಕೆ ಪಟ್ಟಿಯಲ್ಲಿ ಭೂಮಿ, ಕೂಲಿ, ಹಾಸ್ಟೆಲ್ಲಿನ ಜೊತೆ ಸೇರಿಸಿ.

ಪಾಂಡವಪುರದ ಆ ತಾಯಿಗೆ ನಾವು ಏನೂ ವಾಗ್ದಾನ ಮಾಡಲಿಲ್ಲ. ಮಗುವಿಗೆ ಏನಾಗಿದೆ ಎಂದು ಇನ್ನೂ ಗೊತ್ತಿಲ್ಲ. ಮುಂದಿನ ವಾರ ಬೆಂಗಳೂರಿಗೆ ಹೋಗುವುದಿದೆ. ಅವಳು ಹೊರಡುವ ಮುಂಚೆ ಕೇಳಿದಳು: "ಅಲ್ಲಣ್ಣ, ಇದು ನಾ ಮಾಡಿದ ಪಾಪ ಅಲ್ವಾ?" ಅಲ್ಲ ತಾಯಿ ಅಂದೆವು. ಅಷ್ಟನ್ನು ಮಾತ್ರ ನಾವು ಗಟ್ಟಿಯಾಗಿ ಹೇಳಬಲ್ಲವರಾಗಿದ್ದೆವು, ಗಟ್ಟಿಯಾಗಿಯೇ ಹೇಳಿದೆವು. ಬೀಡಿ ಸೇದುತ್ತಿದ್ದ ಹಿರಿಯರು ಈ ಸಲ ಏನೂ ಅನ್ನಲಿಲ್ಲ. ಎದ್ದು ಬಂದು ಬಸ್ ಚಾರ್ಜಿಗೆ ಅಂತ ನೂರು ರೂಪಾಯಿ ಅವಳ ಕೈಗಿಟ್ಟರು.